ಮೊದಲು ನೀವು, ಮೇಡಂ

ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಊಟದ ಡಬ್ಬಿಯ ವಿಷಯವನ್ನೇ ಹೇಳಿದರು. "ತಮ್ಮ ಡಬ್ಬಿಯನ್ನು ನಾಲ್ಕು ಜನಕ್ಕೆ ಹಂಚದೆ ಒಂದು ದಿನವೂ ತುತ್ತು ಎತ್ತಿದವರಲ್ಲ" ಎಂದು ಹೆಡ್‌ಮಾಸ್ಟರು ಕಣ್ಣೊರೆಸಿಕೊಂಡರು. ಪಿ.ಟಿ. ಮೇಷ್ಟ್ರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ "ಅನ್ನದಾತ" ಎಂದುಬಿಟ್ಟರು. ನನ್ನ ಸರದಿ ಬಂದಾಗ ಗಂಟಲು ಕಟ್ಟಿದೆ ಎಂದು ಕೈಯಾಡಿಸಿ ಕೂತೆ. ಗಂಟಲಿಗೆ ಏನೂ ಆಗಿರಲಿಲ್ಲ. ಬಾಯಿ ಬಿಟ್ಟಿದ್ದರೆ ಬರುತ್ತಿದ್ದ ಮಾತು ಹಾರ ಹಾಕಿದ ಫೋಟೊದ ಮುಂದೆ ಆಡುವಂಥದ್ದಾಗಿರಲಿಲ್ಲ, ಅಷ್ಟೆ.

ಸತ್ತವರ ಬಗ್ಗೆ ಕೆಟ್ಟದ್ದಾಡಬಾರದಂತೆ. ಒಳ್ಳೇ ನ್ಯಾಯ! ಬದುಕಿರುವ ಹೆಂಗಸಿನ ಮೇಲೆ ಏನು ಬೇಕಾದರೂ ಹೊರಿಸಬಹುದು, ಹೊರಿಸಿದವನು ಕಣ್ಣು ಮುಚ್ಚಿದ ಕೂಡಲೇ ಎಲ್ಲರ ಬಾಯಿಗೂ ಬೀಗ. ನಾನು ಹೆಸರು ಹೇಳುವುದಿಲ್ಲ, ಮೇಷ್ಟ್ರು ಎಂದಷ್ಟೇ ಅನ್ನುತ್ತೇನೆ. ಅದು ಅವರ ಮೇಲಿನ ಗೌರವದಿಂದಲ್ಲ. ಅವರ ಹೆಂಡತಿ ಈಗಲೂ ಹೊಳೆನರಸೀಪುರದಲ್ಲಿ, ನಮ್ಮ ಬೀದಿಯಲ್ಲೇ, ನಮ್ಮ ಮನೆಯಿಂದ ಎರಡು ಮನೆ ಆಚೆಗಿದ್ದಾರೆ. ಆಯಮ್ಮನ ಮುಖ ನೋಡಿ ಹೆಸರು ನುಂಗಿಕೊಂಡಿದ್ದೇನೆ.

ಮೇಷ್ಟ್ರು ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು, ನಾನು ಕನ್ನಡ. ಹಳ್ಳಿಮೈಸೂರಿನ ಕಡೆ ಹೋಗುವ ಬಸ್ಸಿನಲ್ಲಿ ದಿನಾ ಒಟ್ಟಿಗೇ ಹೋಗಿ ಬರುತ್ತಿದ್ದೆವು. ಪಾಠ ಚೆನ್ನಾಗಿ ಮಾಡುತ್ತಿದ್ದರು, ಇಲ್ಲವೆಂದರೆ ನನ್ನ ನಾಲಿಗೆ ಸೀದೀತು. ಮನುಷ್ಯನ ಜಠರವನ್ನು ಸೀಮೆಸುಣ್ಣ ಎತ್ತದೆ ಒಂದೇ ಗೆರೆಯಲ್ಲಿ ಬರೆಯುತ್ತಿದ್ದರು. ಪಕ್ಕದ ಕ್ಲಾಸಿನಲ್ಲಿ ಪದ್ಯ ಹೇಳುತ್ತಿದ್ದ ನನಗೂ ಅವರ ದನಿ ಕೇಳುತ್ತಿತ್ತು: ಬಾಯಿಯಿಂದ ಅನ್ನನಾಳ, ಅನ್ನನಾಳದಿಂದ ಜಠರ, ಜಠರದಲ್ಲಿ ಆಮ್ಲ, ತಿಂದದ್ದೆಲ್ಲ ಅಲ್ಲಿ ಕರಗಲೇಬೇಕು. ಹುಡುಗರು ಏನು ಕೇಳಿದರೂ ಅವರದು ಒಂದೇ ಮಾತು, "ಪ್ರಕೃತೀಲಿ ಸುಮ್‌ಸುಮ್ನೆ ಏನೂ ಆಗಲ್ಲ ಕಣ್ರೋ. ಎಲ್ಲಕ್ಕೂ ಒಂದು ಕಾರಣ ಇರ್ತದೆ." ಈ ಮಾತು ಎಲ್ಲಿಗೆ ಹೋಗಿ ಮುಟ್ಟಿತು ಎಂದು ಈಗ ನೆನೆಸಿಕೊಂಡರೆ ನಗುವೂ ಬರುವುದಿಲ್ಲ.

ಮನುಷ್ಯ ಕೆಟ್ಟವರೂ ಅಲ್ಲ. ನಮ್ಮ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ನಮ್ಮ ಯಜಮಾನರು ಊರಲ್ಲಿರಲಿಲ್ಲ. ಮೇಷ್ಟ್ರೇ ಎತ್ತಿ ಕಾರಿಗೆ ಕೂರಿಸಿ ಹಾಸನದ ಆಸ್ಪತ್ರೆಗೆ ಸೇರಿಸಿ, ಆಪರೇಷನ್ ಮುಗಿಯುವವರೆಗೂ ಬಾಗಿಲಲ್ಲೇ ನಿಂತಿದ್ದರು. ಅಂಥ ಮನುಷ್ಯ ಇಂಥದ್ದನ್ನೂ ಮಾಡಬಲ್ಲ ಎನ್ನುವುದೇ ನನ್ನ ಹೇಸಿಗೆಗೆ ಮೂಲ. ಪೂರ್ತಿ ಕೆಟ್ಟವನಾಗಿದ್ದರೆ ಉಗಿದು ಮರೆತುಬಿಡುತ್ತಿದ್ದೆ.

ಅವರ ಹೆಂಡತಿಯ ತವರು ಶಾಂತಿಗ್ರಾಮ. ಮದುವೆಯಾಗಿ ನಮ್ಮ ಬೀದಿಗೆ ಬಂದ ದಿನ ಹೆಂಗಸರೆಲ್ಲ ನೋಡಲು ಹೋಗಿದ್ದೆವು. ನೋಡಿದರೆ ನೋಡುತ್ತಲೇ ಇರಬೇಕು ಅನ್ನಿಸುವ ಹುಡುಗಿ. ಮೇಷ್ಟ್ರೋ, ಕುಳ್ಳು, ಆಗಲೇ ನೆತ್ತಿ ಕಾಣುತ್ತಿತ್ತು, ನಕ್ಕರೆ ಒಸಡೆಲ್ಲ ಹೊರಗೆ. "ಮಂಗನ ಕೈಗೆ ಮಾಣಿಕ್ಯ ಕೊಟ್ಟವ್ರೆ" ಎಂದು ನಮ್ಮ ಎದುರು ಮನೆಯ ಅಜ್ಜಿ ಕೇಳುವ ಹಾಗೆಯೇ ಅಂದಿತ್ತು. ಮೇಷ್ಟ್ರೂ ಕೇಳಿಸಿಕೊಂಡರು, ನಕ್ಕರು. ಆ ಮಾತು ಅವರೊಳಗೆ ಎಲ್ಲೋ ಮುಳ್ಳಾಗಿ ಉಳಿದುಕೊಂಡಿರಬೇಕು.

ಮೊದಲ ಒಂದೆರಡು ವರ್ಷ ನೋಡಬೇಕಿತ್ತು ಅವರ ಸಂಭ್ರಮ. ಸಂಜೆ ಬಸ್ಸಿಳಿದ ಕೂಡಲೇ ಹೂವಿನವಳ ಹತ್ತಿರ ಮೊಳ ಮಲ್ಲಿಗೆ ಕೊಂಡು ಬಾಳೆಲೆಯಲ್ಲಿ ಕಟ್ಟಿಸಿಕೊಳ್ಳುತ್ತಿದ್ದರು. ದಾರಿಯಲ್ಲಿ ಯಾರು ಕರೆದರೂ ನಿಲ್ಲುತ್ತಿರಲಿಲ್ಲ. ಆಯಮ್ಮ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತ ಕೂತರೆ ಇವರೂ ಲುಂಗಿ ಎತ್ತಿ ಕಟ್ಟಿ ಎದುರಿಗೆ ಕೂರುತ್ತಿದ್ದರು. ಭಾನುವಾರ ಹೆಂಡತಿಯ ಸೀರೆಯನ್ನು ತಾವೇ ಹಿಂಡಿ ತಂತಿಗೆ ಹರವುತ್ತಿದ್ದರು. ಬೀದಿ ನಗುತ್ತಿತ್ತು, ನಗಲಿ ಬಿಡಿ. ನಾನಂತೂ ನಮ್ಮ ಯಜಮಾನರಿಗೆ ಕೈತೋರಿಸಿ "ನೋಡಿ ಕಲ್ತುಕೊಳ್ಳಿ" ಎನ್ನುತ್ತಿದ್ದೆ. ಅಯ್ಯೋ ನನ್ನ ಬಾಯಿಗೆ!

ಒಂದು ದಿನ ಹರದನಹಳ್ಳಿಯಿಂದ ಅವರ ತಾಯಿ ಬಂದರು. ಮಗ ಬೆಳ್ಳುಳ್ಳಿ ಸುಲಿಯುತ್ತಿರುವುದನ್ನು ಕಂಡು ಹೊಸಲಲ್ಲೇ ನಿಂತರು. ಬೀದಿಗೆಲ್ಲ ಕೇಳುವ ಹಾಗೆ ಶುರುವಾಯಿತು. "ಥೂ, ಏನ್ ಬಾಳ್ಲಾ ಇದು? ಎಂಡ್ತಿ ಕೈಯಾಗಿನ್ ಬೊಂಬೆ ಆಗೋದ್ಯಲ್ಲೋ! ಏಳ್ದಂಗೆ ಕುಣೀತೀಯ. ಗಂಡ್ಸು ಸುಮ್‌ಸುಮ್ಕೆ ಇಂಗಾಗಲ್ಲ ಕಣ್ಲಾ. ಮದ್ದಾಕವ್ಳೆ ನಿಂಗೆ!"

ಮದ್ದು ಎಂದರೆ ಕಾಯಿಲೆಯ ಮದ್ದಲ್ಲ. ಹೆಂಡತಿಯೋ ಇನ್ನಾರೋ ಅನ್ನದಲ್ಲಿ ಏನನ್ನೋ ಬೆರೆಸಿ ಇಕ್ಕುತ್ತಾರೆ, ಅದು ಹೊಟ್ಟೆಯಲ್ಲಿ ಅಂಟಿಕೊಂಡು ಗಂಡಸು ಇಕ್ಕಿದವಳ ಮುಷ್ಟಿಯೊಳಗೆ ಇರುತ್ತಾನೆ ಎಂದು ನಮ್ಮ ಕಡೆ ನಂಬುತ್ತಾರೆ. ಮುದುಕಿ ಅಂದದ್ದರಲ್ಲಿ ಆಶ್ಚರ್ಯವಿಲ್ಲ. ಮಗ ಸೊಸೆಯ ಜೊತೆ ನಗುವುದನ್ನು ಕಂಡ ಎಷ್ಟೋ ತಾಯಂದಿರು ಈ ಮಾತು ಆಡಿದ್ದಾರೆ, ಮಗಂದಿರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದಾರೆ. ನಮ್ಮ ಮೇಷ್ಟ್ರು ಬಿಡಲಿಲ್ಲ. ಅವರಿಗೆ ಎಲ್ಲಕ್ಕೂ ಕಾರಣ ಬೇಕಲ್ಲ! ಇಂಥ ಚೆಲುವೆ ನನ್ನಂಥವನ ಜೊತೆ ನಗುನಗುತ್ತ ಹೇಗೆ ಬಾಳುತ್ತಾಳೆ? ನಾನೇಕೆ ಸಂಜೆಯಾದರೆ ಇವಳ ಮುಖ ನೋಡಲು ಓಡಿ ಬರುತ್ತೇನೆ? ಪ್ರೀತಿ ಎಂಬ ಕಾರಣ ಅವರಿಗೆ ಸಾಕಾಗಲಿಲ್ಲ. ತಾಯಿ ಕೊಟ್ಟ ಕಾರಣ ಸರಿಯಾಗಿ ಹೊಂದಿಕೊಂಡಿತು.

ಆ ತಿಂಗಳಿನಿಂದಲೇ ಮೇಷ್ಟ್ರ ಅನ್ನದಾನ ಶುರುವಾಯಿತು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುವರು. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಆಲೂಗಡ್ಡೆ ಪಲ್ಯ; ಸೊಗಡಿನ ಅವರೆ ಬಂದರೆ ಹಿತಕಿದ ಬೇಳೆ. ಆಯಮ್ಮನ ಕೈರುಚಿ ಕೈರುಚಿಯೇ. "ಮೊದಲು ನೀವು, ಮೇಡಂ" ಎಂದು ನನ್ನ ಮುಚ್ಚಳಕ್ಕೆ ಬಡಿಸುವರು. ಆಮೇಲೆ ಪಿ.ಟಿ. ಮೇಷ್ಟ್ರಿಗೆ, ಆಮೇಲೆ ಹಿಂದಿ ಮೇಡಂಗೆ. ನಾವು ತಿನ್ನುವಾಗ ಬಾಯನ್ನೇ ನೋಡುತ್ತ ಕೂರುವರು. "ಹೇಗಿದೆ? ಏನೂ ಅನ್ನಿಸ್ತಾ ಇಲ್ವಾ?" ಎಂದು ಕೇಳುವರು. ಹೆಂಡತಿಯ ಅಡುಗೆಯ ಮೇಲಿನ ಹೆಮ್ಮೆ ಎಂದುಕೊಂಡು ನಾವು ಹೊಗಳಿದ್ದೇ ಹೊಗಳಿದ್ದು. ಅವರು ಮಾತ್ರ ನಮ್ಮ ಡಬ್ಬಿಗಳಿಂದ ಅಷ್ಟಿಷ್ಟು ತಿಂದು, ತಮ್ಮದನ್ನು ಗಂಟೆ ಹೊಡೆಯುವ ಹೊತ್ತಿಗೆ, ಪೂರ್ತಿ ಆರಿದ ಮೇಲೆ, ಗಬಗಬ ಮುಗಿಸುವರು.

ನಾನು ಈ ಔದಾರ್ಯವನ್ನು ಎಷ್ಟು ದಿನ ಹೊಗಳಿಕೊಂಡಿರುತ್ತಿದ್ದೆನೋ! ಒಂದು ಸಂಜೆ ಅವರ ಮನೆಗೆ ಹಾಲಿಗೆ ಹೆಪ್ಪು ಕೇಳಲು ಹೋದೆ. ಬಾಗಿಲು ತೆರೆದೇ ಇತ್ತು. ಮೇಷ್ಟ್ರ ಮುಂದೆ ತಟ್ಟೆ, ಮುದ್ದೆ, ಸಾರು. ಎದುರಿಗೆ ಆಯಮ್ಮ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಗಂಡನ ತಟ್ಟೆಯಿಂದ ಮುದ್ದೆ ಮುರಿದು ಸಾರಿಗದ್ದಿ ನುಂಗಿದರು. ಪಲ್ಯ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ನೀರಿನ ಲೋಟದಿಂದ ಒಂದು ಗುಟುಕು ಕುಡಿದರು. ಆಮೇಲೆ, ಹೇಳಲು ನಾಚಿಕೆಯಾಗುತ್ತದೆ, ನಾಲಿಗೆ ಎತ್ತಿ ಬಾಯಿ ಅಗಲಿಸಿ ತೋರಿಸಿದರು. ಮೇಷ್ಟ್ರು ಬಗ್ಗಿ ನೋಡಿದರು. ನೋಡಿ, ಗೋಡೆಗೊರಗಿ, ಕಾಯುತ್ತ ಕೂತರು.

ನಾನು ಹೆಪ್ಪು ಕೇಳದೆ ವಾಪಸು ಬಂದೆ. ಮಾರನೆಯ ದಿನ ಮೇಷ್ಟ್ರಿಲ್ಲದಾಗ ಆಯಮ್ಮನನ್ನು ಹಿಡಿದು ಕೇಳಿದೆ. ಅವರು ತಲೆಯೆತ್ತದೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು.

"ಮದ್ದಾಕಿರ್ತೀನಿ ಅಂತ ಭಯ ಅಕ್ಕ ಅವ್ರ್ಗೆ. ಮೊದ್ಲು ನಾನ್ ತಿಂದ್ ತೋರಿಸ್ಬೇಕು. ಬಿಸಿ ಆರೋಗಂಟ ಕಾಯ್ತಾರೆ. ನಂಗೇನೂ ಆಗ್ಲಿಲ್ಲ ಅಂದ್ರೆ ಉಣ್ತಾರೆ."

"ಮತ್ತೆ ಸ್ಕೂಲಲ್ಲಿ ದಿನಾ ಎಲ್ಲರಿಗೂ ಹಂಚ್ತಾರಲ್ಲಮ್ಮ?"

ಆಯಮ್ಮ ಮೊರ ಕೆಳಗಿಟ್ಟು ನನ್ನ ಮುಖ ನೋಡಿದರು. ನನಗೆ ಗೊತ್ತಿಲ್ಲವೆಂಬುದು ಅವರಿಗೂ ಆಗಲೇ ತಿಳಿದದ್ದು. "ಹಂಚಲ್ಲ ಅಕ್ಕ, ನೋಡ್ತಾರೆ. ಇಲ್ಲಿ ನಾನು, ಅಲ್ಲಿ ನೀವು" ಎಂದರು.

ನನಗೆ ಅಲ್ಲೇ ಹೇಸಿಗೆ ಹುಟ್ಟಿತು. ಅಡುಗೆಯ ಮೇಲಲ್ಲ, ಇಷ್ಟು ದಿನ ನನ್ನ ಬಾಯನ್ನು ನೋಡುತ್ತ ಕೂತಿದ್ದ ಆ ಎರಡು ಕಣ್ಣುಗಳ ಮೇಲೆ. ಮನೆಗೆ ಬಂದು ಬಾಯಿ ಮುಕ್ಕಳಿಸಿದೆ. ಏನೂ ಇಲ್ಲದ ಬಾಯನ್ನು ಎಷ್ಟು ಮುಕ್ಕಳಿಸಿದರೂ ಸಮಾಧಾನವಾಗಲಿಲ್ಲ.

ಮರುದಿನ ಮಧ್ಯಾಹ್ನ "ಮೊದಲು ನೀವು, ಮೇಡಂ" ಎಂದು ರೊಟ್ಟಿ ಚಾಚಿದಾಗ ಎಲ್ಲರ ಮುಂದೆಯೇ ಕೇಳಿದೆ. "ಮೇಷ್ಟ್ರೇ, ನಾನೇನು ನಿಮ್ಮ ಲ್ಯಾಬಿನ ಇಲೀನಾ?"

ಸಿಕ್ಕಿಬಿದ್ದ ಮನುಷ್ಯ ತಲೆ ತಗ್ಗಿಸಬೇಕಲ್ಲ? ಊಹೂಂ. ಪಾಠದಲ್ಲಿ ಪ್ರಶ್ನೆ ಕೇಳಿದ ಹುಡುಗಿಗೆ ಉತ್ತರ ಹೇಳುವ ದನಿಯಲ್ಲಿ ಹೇಳಿದರು, "ತಪ್ಪು ತಿಳ್ಕೋಬೇಡಿ ಮೇಡಂ. ನಿಮಗೆಲ್ಲ ಏನೂ ಆಗಲ್ಲ. ಯಾರ ಹೆಸರಿಗೆ ಹಾಕಿರ್ತಾರೋ ಅವರಿಗೆ ಮಾತ್ರ ಅದು ಹಿಡಿಯೋದು."

"ಹಾಗಿದ್ಮೇಲೆ ನಮಗೆ ತಿನ್ನಿಸಿ ಏನ್ರೀ ನೋಡ್ತೀರಿ?"

ಮೇಷ್ಟ್ರು ಕೈಯಲ್ಲಿ ರೊಟ್ಟಿ ಹಿಡಿದೇ ಯೋಚಿಸಿದರು. "ಅದೂ ಹೌದಲ್ಲ" ಎಂದರು. ಪಿ.ಟಿ. ಮೇಷ್ಟ್ರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವರಿಗೆ ಇದೆಲ್ಲ ತಮಾಷೆ. ಮಾರನೆಯ ದಿನದಿಂದ ರೊಟ್ಟಿ ನನಗೆ ಬರಲಿಲ್ಲ, ಸೀದಾ ಪಿ.ಟಿ. ಮೇಷ್ಟ್ರಿಗೆ ಹೋಯಿತು. ಅವರು ಚಪ್ಪರಿಸಿಕೊಂಡು ತಿಂದರು. ಅವರೇ ಮೊನ್ನೆ ಸಭೆಯಲ್ಲಿ "ಅನ್ನದಾತ" ಎಂದದ್ದು.

ತಿಂದ ಅನ್ನಕ್ಕೆ ದಿನಾ ಹೆದರುತ್ತ ಕೂತರೆ ಹೊಟ್ಟೆ ಸುಮ್ಮನಿರುತ್ತದೆಯೇ? ಮೇಷ್ಟ್ರಿಗೆ ಉರಿ, ಹುಳಿತೇಗು, ನೋವು ಶುರುವಾಯಿತು. ಮೈ ಇಳಿಯಿತು. ಹಾಸನದ ಡಾಕ್ಟರು ಹೊತ್ತಿಗೆ ಸರಿಯಾಗಿ, ಬಿಸಿಬಿಸಿಯಾಗಿ ಉಣ್ಣಿ ಎಂದು ಮಾತ್ರೆ ಕೊಟ್ಟರು. ಮಾತ್ರೆ ಮೂಲೆ ಸೇರಿತು. ಮೇಷ್ಟ್ರ ಅಕ್ಕ ಚನ್ನರಾಯಪಟ್ಟಣದಿಂದ ಫೋನು ಮಾಡಿ, ಅರಕಲಗೂಡಿನ ಆಚೆ ಒಂದು ಹಳ್ಳಿಯಲ್ಲಿ ಮದ್ದು ತೆಗೆಯುವವನಿದ್ದಾನೆ ಎಂದು ಹೇಳಿದರು.

ಆ ಭಾನುವಾರ ಬೆಳಗ್ಗೆ ಆಯಮ್ಮ ನಮ್ಮ ಮನೆಗೆ ಬಂದು ನನ್ನ ಕೈ ಹಿಡಿದುಕೊಂಡರು. "ಅಕ್ಕ, ನೀವೂ ಬನ್ನಿ. ನಂಗೊಬ್ಳಿಗೇ ಓಗಕ್ಕೆ ಭಯ ಆಯ್ತದೆ." ಬಾಡಿಗೆ ಕಾರು ಹತ್ತಿದ ನನ್ನನ್ನು ನೋಡಿ ಮೇಷ್ಟ್ರು ಬೇಡವೆನ್ನಲಿಲ್ಲ. ಒಬ್ಬರು ಸಾಕ್ಷಿ ಇರಲಿ ಎಂದುಕೊಂಡರೋ ಏನೋ.

ಹೆಂಚಿನ ಮನೆಯ ಮುಂದಿನ ಅಂಗಳದಲ್ಲಿ ಖಾಲಿ ಹೊಟ್ಟೆಯಲ್ಲಿ ಬಂದ ಗಂಡಸರು ಸಾಲಾಗಿ ಕೂತಿದ್ದರು. ಪಕ್ಕದಲ್ಲಿ ತಲೆ ತಗ್ಗಿಸಿ ಅವರವರ ಹೆಂಡತಿಯರು. ಎಲ್ಲರ ಮುಂದೆಯೂ ಒಂದೊಂದು ತಗಡಿನ ತಟ್ಟೆ. ಹೆಗಲ ಮೇಲೆ ಟವೆಲ್ಲು ಹಾಕಿದ ಒಬ್ಬ ದಪ್ಪ ಮನುಷ್ಯ ಯಾವುದೋ ಸೊಪ್ಪಿನ ರಸವನ್ನು ಲೋಟದಲ್ಲಿ ಕುಡಿಸುತ್ತಿದ್ದ, ಮೇಲೆ ಹುಳಿ ಮಜ್ಜಿಗೆ. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಾಗಿ ಕಾರಿಕೊಳ್ಳಲು ಶುರು ಮಾಡಿದರು. ಆ ವಾಸನೆ, ಆ ಸದ್ದು, ಕಾರಿದ್ದರೊಳಗೆ ಇಣುಕಿ ನೋಡುತ್ತಿದ್ದ ಆ ಮುಖಗಳು! ನಾನು ಮೂಗಿಗೆ ಸೆರಗು ಒತ್ತಿಕೊಂಡೆ.

ಮೇಷ್ಟ್ರೂ ಕಾರಿಕೊಂಡರು. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತಿತ್ತು. ಟವೆಲ್ಲಿನವನು ಬಂದು ಕುಕ್ಕರಗಾಲಲ್ಲಿ ಕೂತ. ಟವೆಲ್ಲಿಗೆ ಒಮ್ಮೆ ಕೈಯೊರೆಸಿ, ತಟ್ಟೆಯೊಳಗೆ ಬೆರಳಾಡಿಸಿ, ಕಪ್ಪಗಿನ ಒಂದು ಉಂಡೆ ಎತ್ತಿ ಹಿಡಿದ. ಅದಕ್ಕೆ ಎಳೆಯಂಥದ್ದೇನೋ ಸುತ್ತಿಕೊಂಡಿತ್ತು.

"ಇಲ್ಲಿ ಅದೆ ನೋಡಿ ಸಾ. ಕೂದ್ಲು ಸುತ್ತಿ ಆಕವ್ರೆ. ಬಲವಾದ್ ಮದ್ದು."

"ಯಾರು ಹಾಕಿರೋದು?" ಎಂದರು ಮೇಷ್ಟ್ರು.

"ಎಸ್ರು ನಾನೇಳಲ್ಲ ಸಾ. ನಿಮ್ಗೆ ಮನೇಲಿ ಅನ್ನ ಇಕ್ಕೋರ್ ಯಾರು? ನೀವೇ ತಿಳ್ಕಳಿ."

ಮೇಷ್ಟ್ರು ತಲೆಯೆತ್ತಿ ಹೆಂಡತಿಯನ್ನು ನೋಡಿದರು. ಕೋಪ ಕಂಡೀತು ಎಂದುಕೊಂಡಿದ್ದೆ. ಅವರ ಮುಖದಲ್ಲಿ ಇದ್ದದ್ದು ಸಮಾಧಾನ. ಬಹಳ ದಿನದಿಂದ ಬಗೆಹರಿಯದ ಲೆಕ್ಕ ಬಗೆಹರಿದವರ ನೆಮ್ಮದಿ. ಆ ಮುಖವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆಯಮ್ಮ ಮಾತ್ರ ಚೊಂಬಿನಲ್ಲಿ ನೀರು ತಂದು, "ಬಾಯ್ ತೊಳ್ಕಳಿ ರೀ, ಸುಸ್ತಾಗಿದೀರ" ಎಂದು ಚಾಚಿದರು. ಮೇಷ್ಟ್ರು ಅದನ್ನು ಮುಟ್ಟಲಿಲ್ಲ. ನನ್ನ ಕಡೆ ಕೈ ನೀಡಿ "ಮೇಡಂ, ನಿಮ್ಮ ನೀರಿನ ಬಾಟ್ಲು ಕೊಡಿ" ಎಂದರು. ನಾನು ಬಾಟಲಿಯನ್ನು ಬ್ಯಾಗಿನೊಳಗೆ ತುರುಕಿ ಜಿಪ್ ಎಳೆದೆ. ಮೇಷ್ಟ್ರು ಎದ್ದು ಹೋಗಿ ತೊಟ್ಟಿಯ ನಲ್ಲಿಗೆ ಬಾಯಿಟ್ಟು ಕುಡಿದರು.

ಕಾರಿನಲ್ಲಿ ನನಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ, ಅದು ಹುಣಿಸೇಹಣ್ಣು. ಸುತ್ತಿರೋದು ತೆಂಗಿನ ನಾರು. ಅವನ ಟವೆಲ್ಲಿನಲ್ಲಿ ಇನ್ನೂ ನಾಲ್ಕಿದ್ದಾವು. ಹೊಟ್ಟೇಲಿ ಆಮ್ಲ ಇರ್ತದೆ, ತಿಂದದ್ದೆಲ್ಲ ಕರಗ್ತದೆ ಅಂತ ನೀವೇ ಅಲ್ವೇನ್ರೀ ಪಾಠ ಮಾಡೋದು?"

ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡು ಹೇಳಿದರು, "ಮದ್ದು ಜಠರದ ಗೋಡೆಗೆ ಅಂಟಿಕೊಂಡಿರ್ತದೆ ಮೇಡಂ. ಅಲ್ಲಿಗೆ ಆಮ್ಲ ತಾಗೋದಿಲ್ಲ. ನಿಮಗೆ ಇದೆಲ್ಲ ಗೊತ್ತಾಗಲ್ಲ ಬಿಡಿ, ನೀವು ಕನ್ನಡ."

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುವ ಗಾದೆ ಇವರಿಗಾಗಿಯೇ ಹುಟ್ಟಿರಬೇಕು.

ಇನ್ನೂ ಅಸಹ್ಯದ ಸಂಗತಿ ಮುಂದಿದೆ. ಆ ಉಂಡೆಯನ್ನು ಮೇಷ್ಟ್ರು ಪೇಪರಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಸ್ಕೂಲಿನ ಲ್ಯಾಬಿನಲ್ಲಿ ಕಪ್ಪೆ, ಹಾವಿನ ಮರಿ ಇಟ್ಟಿರುವಂಥ ಗಾಜಿನ ಬಾಟಲಿಯಲ್ಲಿ ಫಾರ್ಮಾಲಿನ್ ತುಂಬಿ, ಅದರೊಳಗೆ ಉಂಡೆ ಇಳಿಬಿಟ್ಟು, ಮನೆಯ ಷೋಕೇಸಿನಲ್ಲಿಟ್ಟರು. ಪಕ್ಕದಲ್ಲಿ ಅವರ ಮದುವೆಯ ಫೋಟೊ. ಬಂದ ನೆಂಟರೆಲ್ಲ ಅದನ್ನು ನೋಡಿ ಬೆಚ್ಚಿ, ಕಾಫಿ ಬೇಡವೆನ್ನುತ್ತಿದ್ದರು. ಷೋಕೇಸಿನ ಗಾಜು ಒರೆಸುವವಳು ಆಯಮ್ಮನೇ. ತನ್ನ ಮೇಲಿನ ಆಪಾದನೆಗೆ ಧೂಳು ಕೂರದ ಹಾಗೆ ತಾನೇ ನೋಡಿಕೊಳ್ಳಬೇಕಾಗಿತ್ತು.

ಮದ್ದು ತೆಗೆದಾಯಿತಲ್ಲ, ಇನ್ನಾದರೂ ನೆಟ್ಟಗಾಗುತ್ತಾರೆ ಎಂದು ನಾನು ಅಂದುಕೊಂಡಿದ್ದು ಎಂಥ ಪೆದ್ದುತನ! ಮಲ್ಲಿಗೆ ತರುವುದು ಆ ವಾರವೇ ನಿಂತಿತು. ಅವರೆಕಾಯಿ ಸುಲಿಯಲು ಕೂರುವುದು ನಿಂತಿತು. ಬಸ್ಸಿಳಿದು ಹೂವಿನವಳ ಮುಂದೆ ಬಂದಾಗ ಅವರ ಕಾಲು ತಡೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಕ್ಷಣ ನಿಂತು, ಜೇಬು ಮುಟ್ಟಿ, ಮುಂದೆ ಹೋಗುತ್ತಿದ್ದರು. ಮದ್ದು ಇಳಿದ ಗಂಡಸು ಹೂವು ತಂದರೆ ಹೇಗೆ? ಇಳಿದಿದೆ ಎಂದು ತಾಯಿಗೆ, ಅಕ್ಕನಿಗೆ, ಬೀದಿಗೆ, ಎಲ್ಲಕ್ಕಿಂತ ಹೆಚ್ಚಾಗಿ ತಮಗೆ ತಾವೇ ತೋರಿಸಿಕೊಳ್ಳಬೇಕಲ್ಲ. ಆಸೆ ಮಾತ್ರ ಇಳಿದಿರಲಿಲ್ಲ, ಕಾಣುತ್ತಿತ್ತು. ಆಸೆ ಹುಟ್ಟಿದಾಗಲೆಲ್ಲ ಮತ್ತೆ ಹಾಕಿದ್ದಾಳೆ ಎಂದು ಗುಮಾನಿ. ವರ್ಷಕ್ಕೊಮ್ಮೆಯಾದರೂ ಅರಕಲಗೂಡಿನ ಕಡೆ ಹೋಗಿ ಕಾರಿಕೊಂಡು ಬರುತ್ತಿದ್ದರು.

"ತೆಗೆಸಿಯಾಯ್ತಲ್ರೀ, ಇನ್ನೂ ಯಾಕೆ ಆಕೆಗೆ ಆ ಬಾಯಿ ತೋರಿಸೋ ಶಿಕ್ಷೆ?" ಎಂದು ಒಮ್ಮೆ ಬಸ್ಸಿನಲ್ಲಿ ಕೇಳಿದೆ.

"ಒಂದು ಸಲ ಹಾಕಿದೋಳು ಇನ್ನೊಂದು ಸಲ ಹಾಕಲ್ಲ ಅಂತ ಏನು ಗ್ಯಾರಂಟಿ ಮೇಡಂ?"

ಅನುಮಾನಂ ಪೆದ್ದ ರೋಗಂ ಎಂದು ಸುಮ್ಮನೆ ಅಂದರೇ ಹಿರಿಯರು! ನಾನು ಆಯಮ್ಮನಿಗೇ ಬೈದೆ. "ಶಾಂತಿಗ್ರಾಮ ಏನು ದೂರಾನಾ? ಹತ್ತು ಬಸ್ಸಿವೆ. ಎದ್ದು ತವರಿಗೆ ನಡಿ. ಈ ಕರ್ಮ ನಿನಗ್ಯಾಕೆ?"

"ಓದ್ರೆ ಏನಂತಾರೆ ಗೊತ್ತಾ ಅಕ್ಕ? ಮದ್ದಾಕಿದ್ದು ಗೊತ್ತಾಯ್ತು, ಅದ್ಕೇ ಓಡೋದ್ಲು ಅಂತಾರೆ. ನಮ್ಮಪ್ಪನ್ ಮನೇಗೂ ಅದೇ ಎಸ್ರು ಬತ್ತದೆ." ಆಮೇಲೆ ಹೇಳಿದರು, "ನಂಗೆ ಹೂವಾ ಬ್ಯಾಡ, ಸೀರೆ ಬ್ಯಾಡ. ಒಂದಿನ, ಒಂದೇ ಒಂದಿನ, ನಾನ್ ಇಕ್ಕಿದ್ದನ್ನ ಬಿಸಿ ಇದ್ದಂಗೇ ಸುಮ್ನೆ ಉಂಡ್ಬುಟ್ರೆ ಸಾಕು. ಆ ಒಂದಿನಕ್ಕೋಸ್ಕರ ಇವ್ನಿ."

ಆ ಒಂದು ದಿನಕ್ಕೆ ಆಯಮ್ಮ ಯೌವನವನ್ನೆಲ್ಲ ಕಾದರು. ಮೇಷ್ಟ್ರು ರಿಟೈರಾದರು. ಸನ್ಮಾನದ ದಿನ ಶಾಲು ಹೊದೆಸಿ, ದಂಪತಿಗಳು ಒಬ್ಬರಿಗೊಬ್ಬರು ಲಾಡು ತಿನ್ನಿಸಲಿ ಎಂದು ಹುಡುಗರು ಕೂಗಿದರು. ಆಯಮ್ಮ ಲಾಡು ಹಿಡಿದು ಒಂದು ಗಳಿಗೆ ಗಂಡನ ಮುಖ ನೋಡಿದರು. ಆಸೆಯಿತ್ತು ಆ ನೋಟದಲ್ಲಿ. ಮೇಷ್ಟ್ರು ತುಟಿ ಬಿಗಿದೇ ನಗುತ್ತಿದ್ದರು. ಆಯಮ್ಮ ಲಾಡಿನ ತುದಿ ತಾವು ಕಚ್ಚಿ, ಉಳಿದದ್ದನ್ನು ಮುಂದೆ ಹಿಡಿದರು. ಎಂಥ ಪ್ರೀತಿ ನೋಡಿ, ಎಂಜಲು ಹಂಚಿಕೊಂಡು ತಿನ್ನುತ್ತಾರೆ ಎಂದು ಸಭೆಯೆಲ್ಲ ಚಪ್ಪಾಳೆ. ನಾನು ಕೈ ಕಟ್ಟಿ ಕೂತಿದ್ದೆ.

ಹೋದ ವರ್ಷ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ನಿಂತಿತು. ಹಾಸನದ ಆಸ್ಪತ್ರೆಗೆ ನೋಡಲು ಹೋದೆ. ನಮ್ಮ ತಾಯಿಗಾಗಿ ಅವರು ಬಾಗಿಲಲ್ಲಿ ನಿಂತದ್ದು ನೆನಪಾಗಿ ಕರುಳು ಚುರ್ ಎಂದಿತು, ಸುಳ್ಳು ಹೇಳುವುದಿಲ್ಲ. ಆಯಮ್ಮ ಹಾಸಿಗೆಯ ಪಕ್ಕ ಕೂತು ಚಮಚದಲ್ಲಿ ಗಂಜಿ ಹಿಡಿದಿದ್ದರು. ಮಲಮೂತ್ರ ಎಲ್ಲ ಅವರದೇ ಕೈ. ಮೇಷ್ಟ್ರು ಬಾಯಿ ತೆರೆಯಲಿಲ್ಲ. ಎಡಗೈಯ ತೋರುಬೆರಳು ಹೊದಿಕೆಯ ಮೇಲೆ ನಿಧಾನವಾಗಿ ಎದ್ದು ಹೆಂಡತಿಯ ಕಡೆ ತಿರುಗಿತು. ಮೊದಲು ನೀನು.

ಅರ್ಧ ದೇಹ ಸತ್ತಿತ್ತು, ಅನುಮಾನಕ್ಕೆ ಬೇಕಾದ ಬೆರಳೊಂದು ಬದುಕಿತ್ತು. ಆಯಮ್ಮ ಗಂಜಿ ಕುಡಿದು, ಬಾಯಿ ತೆರೆದು ತೋರಿಸಿ, ಲೋಟವನ್ನು ಪಕ್ಕಕ್ಕಿಟ್ಟು ಆರುವವರೆಗೆ ಕಾದರು. ನಾನು ತಂದಿದ್ದ ಮೂಸಂಬಿಯನ್ನು ಅಲ್ಲೇ ಇಟ್ಟು ಹೊರಗೆ ಬಂದೆ. ನನಗೆ ಆ ಕ್ಷಣದಲ್ಲಿ ಮೇಷ್ಟ್ರ ಮೇಲೆ ಉಳಿದಿದ್ದ ಕನಿಕರವೂ ಹೋಯಿತು.

ಕೊನೆಗೆ ಹೋದರು. ಸ್ಕೂಲಿನಲ್ಲಿ ನಾನು ಮೊದಲು ಹೇಳಿದ ಆ ಸಭೆ ನಡೆಯಿತು. ಅದಾದ ನಾಲ್ಕೈದು ದಿನಕ್ಕೆ ಮನೆಯಲ್ಲಿ ತಿಥಿ.

ತಿಥಿಯ ದಿನ ಸತ್ತವರ ಫೋಟೊದ ಮುಂದೆ ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡುತ್ತಾರೆ. ಆಮೇಲೆ ಎಲ್ಲರೂ ಹೊರಗೆ ಬಂದು ಸ್ವಲ್ಪ ಹೊತ್ತು ಬಾಗಿಲು ಹಾಕಬೇಕು, ಸತ್ತವರು ಬಂದು ಉಣ್ಣಲಿ ಎಂದು. ಎಡೆಯ ಅಡುಗೆಯನ್ನು ಯಾರೂ ಬಾಯಿಗೆ ಹಾಕಿಕೊಳ್ಳುವಂತಿಲ್ಲ, ಉಪ್ಪು ಕೂಡ ನೋಡುವಂತಿಲ್ಲ. ಅಡುಗೆಯವರನ್ನು ಕರೆಸೋಣ ಎಂದು ನೆಂಟರು ಹೇಳಿದರೂ ಆಯಮ್ಮ ಒಪ್ಪದೆ ಎಲ್ಲವನ್ನೂ ತಾವೇ ಮಾಡಿದ್ದರು. ಚನ್ನರಾಯಪಟ್ಟಣದ ಅಕ್ಕ ನಡುಮನೆಯಲ್ಲಿ ಯಜಮಾನಿಕೆ ಮಾಡುತ್ತಿದ್ದರು. ಷೋಕೇಸಿನಲ್ಲಿ ಆ ಬಾಟಲಿ ಇನ್ನೂ ಹಾಗೆಯೇ ಇತ್ತು. ಅದರ ಮುಂದೆಯೇ ಹಾರ ಹಾಕಿದ ಫೋಟೊ.

ಆಯಮ್ಮ ಎಲೆ ಹಾಕಿದರು. ಮುದ್ದೆ, ಹಿತಕಿದ ಬೇಳೆ ಸಾರು, ಆಲೂಗಡ್ಡೆ ಪಲ್ಯ, ರೊಟ್ಟಿ, ಹುಚ್ಚೆಳ್ಳು ಚಟ್ನಿ, ಒಬ್ಬಟ್ಟು. ಎಲ್ಲದರಿಂದಲೂ ಹಬೆಯೇಳುತ್ತಿತ್ತು. "ಸಾಕು, ಎಲ್ಲಾ ಆಚೀಗ್ ಬನ್ನಿ, ಬಾಗ್ಲಾಕಿ" ಎಂದರು ಅಕ್ಕ. ನಾವೆಲ್ಲ ಎದ್ದೆವು.

ಆಯಮ್ಮ ಏಳಲಿಲ್ಲ. ಫೋಟೊದ ಎದುರಿಗೆ, ದಿನಾ ಕೂರುತ್ತಿದ್ದ ಹಾಗೆಯೇ ಚಕ್ಕಳಮಕ್ಕಳ ಹಾಕಿ ಕೂತರು. ಎಲೆಗೆ ಕೈ ಚಾಚಿ ಮುದ್ದೆ ಮುರಿದು ಸಾರಿಗದ್ದಿ ನುಂಗಿದರು. ಪಲ್ಯ ತಿಂದರು. ಚಟ್ನಿ ನೆಕ್ಕಿದರು. ಒಬ್ಬಟ್ಟಿನ ತುದಿ ಮುರಿದು ಬಾಯಿಗೆ ಹಾಕಿಕೊಂಡರು. ನೀರು ಒಂದು ಗುಟುಕು ಕುಡಿದರು.

"ಅಯ್ಯಯ್ಯೋ, ಎಡೆ ಎಂಜಲು ಮಾಡ್ಬುಟ್ಳಲ್ಲೋ!" ಅಕ್ಕ ಎದೆ ಬಡಿದುಕೊಂಡರು. "ನಿನ್ ಕೈ ಸೇದೋಗ! ಬುದ್ಧಿಗಿದ್ಧಿ ಕೆಟ್ಟಿದ್ದದೇನೇ ನಿಂಗೆ? ನನ್ ತಮ್ಮ ಎಂಗ್ ಉಣ್ತಾನೆ ಇದ್ನ?"

ಆಯಮ್ಮ ತಿರುಗಿ ನೋಡಲೂ ಇಲ್ಲ. ದನಿ ಏರಿಸಲೂ ಇಲ್ಲ.

"ನಾನ್ ತಿಂದ್ ತೋರಿಸ್ದೆ ಯಾವತ್ತು ಉಂಡವ್ರೆ ನಿಮ್ ತಮ್ಮ? ಸತ್ತ ಏಟ್ಗೆ ನಂಬ್ಕೆ ಬಂದ್ಬುಡ್ತದಾ?"

ಹಾಗೆಂದು ಫೋಟೊದ ಕಡೆ ಮುಖವೆತ್ತಿ, ನಾಲಿಗೆ ಎತ್ತಿ, ಬಾಯಿ ಅಗಲಿಸಿ ತೋರಿಸಿದರು. ಅಕ್ಕನ ಕಣ್ಣು ಷೋಕೇಸಿನ ಬಾಟಲಿಯ ಮೇಲೆ ಹೋಗಿ, ಅಲ್ಲಿಂದ ನೆಲಕ್ಕೆ ಬಂತು.

ಆಯಮ್ಮ ಎದ್ದು ಸೆರಗಿನಲ್ಲಿ ಬಾಯೊರೆಸಿಕೊಂಡು ಹೊರಗೆ ಬಂದರು. ನನ್ನ ಪಕ್ಕ ಗೋಡೆಗೊರಗಿ ನಿಂತರು.

"ಬಾಗ್ಲು ಎಳ್ಕಳಿ ಅಕ್ಕ. ಇನ್ನೂ ಬಿಸಿ ಅದೆ" ಎಂದರು. "ಆರೋಗಂಟ ಅವ್ರು ಮುಟ್ಟಲ್ಲ."